ದತ್ತಮಂಡಲದ ಹೊಸ ಸರ್ಕಾರವೂ ಬಳ್ಳಾರಿ ಸೀಮೆಯ ವ್ಯಾಪಾರವೂ

1. ದೇಶಪರಿಚಯ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿಗೆ ಸೇರಿದ ರಾರಾವಿಯು ಸಿರುಗುಪ್ಪದಿಂದ ಆದವಾನಿಗೆ ಹೋಗುವ ದಾರಿಯಲ್ಲಿ, ವೇದಾವತಿಯ ಬಳಿಯಲ್ಲಿ ಇರುವ ಗ್ರಾಮ. ವೇದಾವತಿಯನ್ನು ಆ ಸೀಮೆಯ ಜನರು ಹಗರಿಯೆಂದೇ ಕರೆಯುವರು. ಗ್ರಾಮದ ಪಶ್ಚಿಮಕ್ಕೆ ತುಂಗಭದ್ರೆಯ ದಡದಲ್ಲಿ ಸಿರುಗುಪ್ಪವಿದೆ. ಅಲ್ಲಿಯ ಗದ್ದೆಗಳು ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ನೀರುಂಡು ಬತ್ತ ಬೆಳೆದವು. ಪೂರ್ವಕ್ಕೆ ಎರೆಭೂಮಿ, ಜೋಳ, ಹತ್ತಿ, ಕುಸುಬೆಗಳ ನಾಡು. ಅದರಾಚೆಗೆ ಕೋಟೆಯೂ ಪೇಟೆಯೂ ಮಗ್ಗಗಳೂ ಇದ್ದ ಆದವಾನಿ. ಹೀಗೆ ನೀರಾವರಿ, ಬೆದ್ದಲು, ಪೇಟೆ ಎಂಬ ಮೂರು ಬಗೆಯ ಜೀವನವೂ ಒಂದೇ ದಾರಿಯಲ್ಲಿ ಕೂಡಿರುವುದರಿಂದ, ರಾಜ್ಯವು ಕೈಬದಲಾದಾಗ ಒಕ್ಕಲಿಗನ ಕಣದಲ್ಲಿ ಆದ ಬದಲಾವಣೆಯು ವರ್ತಕನ ಅಂಗಡಿಯನ್ನು ಹೇಗೆ ಮುಟ್ಟಿತು ಎಂಬುದನ್ನು ವಿಚಾರಿಸುವುದಕ್ಕೆ ಈ ಸೀಮೆಯು ತಕ್ಕ ಸ್ಥಳವಾಗಿದೆ.

1953ನೆಯ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿ, ಸಿರುಗುಪ್ಪ ಮೊದಲಾದುವು ಮೈಸೂರಿಗೂ ಸೇರಿದುವು. ಅಂದಿನಿಂದ ರಾರಾವಿಯ ಹೊಲ ಒಂದು ರಾಜ್ಯದಲ್ಲಿಯೂ ಅದರ ಹಳೆಯ ಪೇಟೆ ಇನ್ನೊಂದು ರಾಜ್ಯದಲ್ಲಿಯೂ ಇವೆ. ಆದರೆ ಪ್ರಕೃತ ವಿಚಾರವು ಅದಕ್ಕಿಂತ ಒಂದೂವರೆ ಶತಮಾನದಷ್ಟು ಹಿಂದಿನದು. 1800ರಲ್ಲಿ ಈ ನಾಡಿಗೆ ಬಂದ ಕುಂಪಣಿ ಸರ್ಕಾರವು ಯಾವ ಆರ್ಥಿಕ ತೊಡಕುಗಳನ್ನು ಎದುರಿಸಿತು, ಅವುಗಳಿಗೆ ಯಾವ ಪರಿಹಾರವನ್ನು ಕಂಡುಕೊಂಡಿತು, ಕಂಡ ಪರಿಹಾರವನ್ನು ಕೈಗೊಳ್ಳಲು ಹದಿಮೂರು ವರ್ಷ ಏಕೆ ತಡಮಾಡಿತು, ಆ ತಡದಿಂದ ಯಾರು ಕೆಟ್ಟರು ಎಂಬುದೇ ಇಲ್ಲಿಯ ವಿಷಯ.

2. ಹೊಸ ಸರ್ಕಾರಕ್ಕೆ ಬಂದ ಆಸ್ತಿ

ಹೈದರನೂ ಟಿಪ್ಪುವೂ ಆಳಿದ ಈ ಪ್ರದೇಶಗಳು 1792 ಮತ್ತು 1799ರ ಒಪ್ಪಂದಗಳಿಂದ ಹೈದರಾಬಾದಿನ ನಿಜಾಮನ ಪಾಲಿಗೆ ಬಂದುವು. ಆತನು 1800ನೆಯ ಅಕ್ಟೋಬರ್ 12ರ ಕೌಲಿನಂತೆ, ಕೃಷ್ಣಾ ತುಂಗಭದ್ರೆಗಳ ದಕ್ಷಿಣಕ್ಕೆ ತಾನು ಹೀಗೆ ಪಡೆದ ಸೀಮೆಗಳನ್ನು ಇಂಗ್ಲಿಷ್ ಕುಂಪಣಿಗೆ ಬಿಟ್ಟುಕೊಟ್ಟನು. ಬಿಟ್ಟುಕೊಟ್ಟ ನಾಡಾದುದರಿಂದಲೇ ಇದಕ್ಕೆ ದತ್ತಮಂಡಲವೆಂದು ಹೆಸರಾಯಿತು. ಈ ದಾನವು ಪ್ರೀತಿಯಿಂದ ಆದುದಲ್ಲ. ಹೈದರಾಬಾದಿನಲ್ಲಿ ಕುಂಪಣಿಯವರು ಇರಿಸಿದ ಸಹಾಯಕ ಸೈನ್ಯದ ವೆಚ್ಚಕ್ಕೆ ಬದಲಾಗಿ ಆದುದು. ಆದಕಾರಣ ಹೊಸ ಸರ್ಕಾರದ ಅಧಿಕಾರಿಯು ನಾಡಿನೊಳಕ್ಕೆ ಕಾಲಿಡುವುದಕ್ಕೆ ಮೊದಲೇ ನಾಡಿನ ಆದಾಯಕ್ಕೆ ವೆಚ್ಚವು ಗೊತ್ತಾಗಿದ್ದಿತು. ಮೊದಲು ಕಂದಾಯ, ಆಮೇಲೆ ವಿಚಾರ ಎಂಬ ಸ್ಥಿತಿಯು ಆರಂಭದಿಂದಲೇ ಬಂದಿತೆಂಬುದನ್ನು ಮರೆಯತಕ್ಕುದಲ್ಲ. ನೆರೆಯ ಮೈಸೂರಿನಲ್ಲಿಯೂ ಇದೇ ಕಾಲಕ್ಕೆ ದಿವಾನ್ ಪೂರ್ಣಯ್ಯನವರು ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಕುಂಪಣಿಗೆ ಸಲ್ಲಿಸುವ ಭಾರವನ್ನು ಹೊತ್ತೇ ಹೊಸ ರಾಜ್ಯವನ್ನು ನಡೆಸಬೇಕಾಗಿದ್ದಿತು.

ಆಸ್ತಿಯ ಅವಸ್ಥೆಯೋ ಬಹು ಕ್ಷೀಣವಾಗಿದ್ದಿತು. ನಿಜಾಮನ ತಮ್ಮನಾದ ಬಸಾಲತ್ ಜಂಗನ ಜಹಗೀರಾಗಿದ್ದ ಆದವಾನಿಯು 1786ರಲ್ಲಿ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿತ್ತು. ಪದೇ ಪದೇ ದಂಡು ಹಾಯ್ದ ದಾರಿಗಳಲ್ಲಿ ಊರುಗಳು ಬರಿದಾಗಿದ್ದುವು. ದಂಡು ಹೋದ ಮೇಲೆ ಉಳಿದವರು ಪಾಳೆಯಗಾರರು. ಹೊಸ ಮಂಡಲದಲ್ಲಿ ಇಂತಹವರು ಸುಮಾರು 80 ಮಂದಿ ಇದ್ದರು. ತಂತಮ್ಮ ಗಡಿಯೊಳಗೆ ಕಂದಾಯವನ್ನೂ ಕಾವಲಿಯ ಹಣವನ್ನೂ ಎತ್ತುವ ಇಷ್ಟು ಮಂದಿ ಒಡೆಯರಿರುವಾಗ, ವರ್ತಕನು ಒಂದು ಹೇರು ಸರಕನ್ನು ಹತ್ತು ಹರದಾರಿ ಸಾಗಿಸಬೇಕಾದರೂ ಎಷ್ಟು ಕೈಗಳನ್ನು ತೃಪ್ತಿಪಡಿಸಬೇಕಾಗುತ್ತಿತ್ತೆಂಬುದು ಊಹ್ಯವಾಗಿದೆ.

ಈ ಮಂಡಲದ ಮುಖ್ಯ ಕಲೆಕ್ಟರನಾಗಿ ಬಂದವನು ತಾಮಸ್ ಮನ್ರೋ. ಈತನು ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ಕಂದಾಯದ ಕೆಲಸವನ್ನು ಕಲಿತು, 1799ರಿಂದ ಕೆಲಕಾಲ ಕನ್ನಡ ಜಿಲ್ಲೆಯನ್ನು ನೋಡಿಕೊಂಡು, 1800ರಿಂದ 1807ರ ವರೆಗೆ ದತ್ತಮಂಡಲದಲ್ಲಿದ್ದನು. ಕೈಕೆಳಗೆ ನಾಲ್ವರು ಸಹಾಯಕ ಕಲೆಕ್ಟರರಿದ್ದರು. ಜನರಲ್ ಕ್ಯಾಂಬೆಲನ ಸೈನ್ಯವು ಬೆಂಬಲಕ್ಕಿತ್ತು. ಪಾಳೆಯಗಾರರಲ್ಲಿ ಕೆಲವರು ಓಡಿಹೋದರು, ಕೆಲವರು ಉಂಬಳಿಗೆ ಒಪ್ಪಿದರು, ಕೆಲವರ ಕೋಟೆಗಳು ಬಿದ್ದುವು. ಈ ಕಾರ್ಯದಲ್ಲಿ ಮನ್ರೋ ತೋರಿಸಿದ ಕಾಠಿಣ್ಯವನ್ನು ಲಂಡನಿನ ನಿರ್ದೇಶಕರೇ ಆಕ್ಷೇಪಿಸಿದರು. ಆದರೆ ದಾರಿಗಳು ತೆರೆದುವು ಎಂಬುದೂ ದಿಟವೇ.

3. ಕುಳವಾರಿ ಬಂದೋಬಸ್ತು

ಮೊದಲ ವರ್ಷದಲ್ಲಿ ಗ್ರಾಮಕ್ಕೆ ಇಷ್ಟೆಂದು ಗೌಡರೊಡನೆ ಒಪ್ಪಂದವಾಯಿತು. ಮುಂದಿನ ವರ್ಷದಿಂದ ಒಬ್ಬೊಬ್ಬ ಕುಳಕ್ಕೂ ಬೇರೆ ಬೇರೆಯಾಗಿ ಪಟ್ಟೆ ಕೊಡುವ ಪದ್ಧತಿಯು ಹಬ್ಬಿತು. ರೈತವಾರಿಯೆಂದು ಮುಂದೆ ಪ್ರಸಿದ್ಧವಾದ ಕ್ರಮವು ಇದೇ. ಇದಕ್ಕೆ ಆಧಾರವಾಗಬೇಕಾದ ಭೂಮಾಪನವು 1802ರಲ್ಲಿ ಆರಂಭವಾಯಿತು. 33 ಅಡಿಯ ಸರಪಣಿಯ ಒಂದು ಚೌಕವೇ ಗುಂಟೆ. 40 ಗುಂಟೆಗಳೇ ಎಕರೆ. ಈ ಲೆಕ್ಕವು ಇಂದಿಗೂ ಕನ್ನಡ ನಾಡಿನ ಹಳ್ಳಿಯ ಬಾಯಲ್ಲಿ ಉಳಿದಿದೆ. ಅಳತೆಯಾದ ಹೊಲಗಳನ್ನು ಎರೆ, ಮಸಬು ಮೊದಲಾದ ಮಣ್ಣಿನ ಗುಣವನ್ನು ನೋಡಿ ತರಗತಿಗಳಾಗಿ ವಿಂಗಡಿಸಿ, ಗೌಡರ, ಶಾನುಭೋಗರ, ತಿಳಿದ ಒಕ್ಕಲಿಗರ ಅಭಿಪ್ರಾಯವನ್ನು ಕೇಳಿ, ಪ್ರತಿಯೊಂದು ಹೊಲಕ್ಕೂ ನಗದು ಕಂದಾಯವನ್ನು ಗೊತ್ತುಮಾಡಿದರು. 1807ರ ಹೊತ್ತಿಗೆ ಈ ಕೆಲಸವು ಮುಗಿದಿತ್ತು.

ಈ ಕ್ರಮದಲ್ಲಿ ಎರಡು ಗುಣಗಳಿದ್ದುವು. ಕುಳಕ್ಕೂ ಸರ್ಕಾರಕ್ಕೂ ನಡುವೆ ಗುತ್ತಿಗೆದಾರನು ಇಲ್ಲವಾದುದು ಒಂದು. ಕೊಡಬೇಕಾದುದು ಎಷ್ಟೆಂಬುದು ಪಟ್ಟೆಯಲ್ಲಿ ಬರೆದು ತಿಳಿದುದು ಮತ್ತೊಂದು. ಎರಡನೆಯದು ವ್ಯಾಪಾರಕ್ಕೆ ಬಹು ಮುಖ್ಯವಾದುದು. ಏಕೆಂದರೆ ಸಾಲ ಕೊಡುವ ಸಾಹುಕಾರನಿಗಾಗಲಿ, ಹತ್ತಿಗೆ ಮುಂಗಡ ಕೊಡುವ ದಲ್ಲಾಳಿಗಾಗಲಿ, ಸರ್ಕಾರವು ಕೊಂಡೊಯ್ದ ಮೇಲೆ ಒಕ್ಕಲಿಗನ ಕೈಯಲ್ಲಿ ಏನು ಉಳಿಯುವುದೆಂಬುದು ಮುಂಚಿತವಾಗಿ ತಿಳಿಯದಿದ್ದರೆ, ಆತನು ತನ್ನ ಅಪಾಯಕ್ಕೆ ತಕ್ಕಷ್ಟು ಬಡ್ಡಿಯನ್ನು ಏರಿಸದೆ ಇರನು.

ಆದರೆ ದೋಷವು ಕ್ರಮದಲ್ಲಿರದೆ ಮೊತ್ತದಲ್ಲಿದ್ದಿತು. ಮನ್ರೋ ಆದಾಯವನ್ನು ಕ್ರಮಕ್ರಮವಾಗಿ ಏರಿಸಬೇಕೆಂದು ಮೇಲಿನವರಿಗೆ ಹೇಳುತ್ತಿದ್ದನಾದರೂ, ಮದರಾಸಿನ ಬೊಕ್ಕಸವು ಕಾಯುವ ಸ್ಥಿತಿಯಲ್ಲಿರಲಿಲ್ಲ. 1803ರಲ್ಲಿ ಮರಾಠರೊಡನೆ ಯುದ್ಧವಾಯಿತು. ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ದತ್ತಮಂಡಲದಿಂದ ಧಾನ್ಯವೂ ಎತ್ತುಗಳೂ ಹಣವೂ ಹೋದುವು. ಅದೇ ಕಾಲಕ್ಕೆ ಮಳೆಯ ಕೊರತೆಯಿಂದ ಬರವೂ ಬಂದಿತು. ಹೀಗಿದ್ದರೂ ಏಳು ವರ್ಷಗಳಲ್ಲಿ ಭೂಕಂದಾಯವು ಮೊದಲಿದ್ದುದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚಿತು. ಶಾಂತಿಯಿಂದ ಸಾಗುವಳಿಯು ಬೆಳೆದುದೂ, ಮುಚ್ಚಿಟ್ಟ ಭೂಮಿಯು ಅಳತೆಯಿಂದ ಹೊರಬಿದ್ದುದೂ ಈ ಏರಿಕೆಗೆ ಕಾರಣಗಳು. ಮೂರನೆಯ ಕಾರಣವು ಪ್ರಮಾಣದ ಭಾರವೇ.

4. ಕಂದಾಯವು ಪೇಟೆಯನ್ನು ಮುಟ್ಟಿದ ಬಗೆ

ಧಾನ್ಯರೂಪವಾಗಿ ಪಾಲು ಕೊಡುವ ಕಾಲದಲ್ಲಿ ಒಕ್ಕಲಿಗನಿಗೆ ಪೇಟೆಯ ಅವಸರವು ಕಡಮೆ. ನಗದು ಕಂದಾಯದಲ್ಲಿ ಹಾಗಲ್ಲ. ಕಿಸ್ತಿನ ದಿನಕ್ಕೆ ನಾಣ್ಯವು ಕೈಯಲ್ಲಿರಬೇಕು. ನಾಣ್ಯ ಬೇಕಾದರೆ ಕಣದಲ್ಲಿಯೇ ಜೋಳವನ್ನು ಮಾರಬೇಕು. ಊರಿನವರೆಲ್ಲರೂ ಒಂದೇ ವಾರದಲ್ಲಿ ಮಾರಲು ಹೊರಟರೆ ಧಾರಣೆಯು ಇಳಿಯಬೇಕು. ಮಾರಿದ ಜೋಳವನ್ನೇ ಮಳೆಗಾಲದಲ್ಲಿ ಹೆಚ್ಚು ಬೆಲೆಗೆ ಸಾಲವಾಗಿ ತರಬೇಕಾದೀತು. ಈ ಎರಡು ಬೆಲೆಗಳ ಅಂತರವೇ ಸಾಹುಕಾರನ ಲಾಭ. ಆದ್ದರಿಂದ ನಗದು ಕಂದಾಯವು ವ್ಯಾಪಾರವನ್ನು ಬೆಳೆಸಿತೆಂಬ ಮಾತು ಅರ್ಧ ಮಾತ್ರ ಸತ್ಯ. ಅದು ಪೇಟೆಗೆ ಬರುವ ಧಾನ್ಯವನ್ನು ಹೆಚ್ಚಿಸಿತು. ಪೇಟೆಯಲ್ಲಿ ಕೊಳ್ಳುವವರ ಶಕ್ತಿಯನ್ನು ಹೆಚ್ಚಿಸಲಿಲ್ಲ. ಮಾರಲು ಬಂದ ಒಕ್ಕಲಿಗನು ಬಟ್ಟೆಯನ್ನೋ ಬೆಲ್ಲವನ್ನೋ ಕೊಂಡು ಹಿಂದಿರುಗುವ ಬದಲು ಕಿಸ್ತನ್ನು ಕಟ್ಟಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದನು.

ನಾಣ್ಯದ ತೊಡಕು ಬೇರೆ. ಹಲವು ಅರಸರ ವರಹಗಳೂ ಹಣಗಳೂ ರೂಪಾಯಿಗಳೂ ಒಟ್ಟಿಗೆ ಚಲಾವಣೆಯಲ್ಲಿದ್ದುವು. ಲೆಕ್ಕದ ನಾಣ್ಯ ಒಂದು, ಕೈಯ ನಾಣ್ಯ ಮತ್ತೊಂದು. ಒಂದರಿಂದ ಒಂದಕ್ಕೆ ಪರಿವರ್ತಿಸುವಾಗ ವಟ್ಟವು ಚಿನಿವಾರನಿಗೆ ಸಲ್ಲುತ್ತಿತ್ತು. 1818ರಲ್ಲಿ ಮದರಾಸು ಸರ್ಕಾರವು ರೂಪಾಯಿಯನ್ನು ಮುಖ್ಯ ನಾಣ್ಯವಾಗಿ ಮಾಡಿ 100 ವರಹಗಳಿಗೆ 350 ರೂಪಾಯಿಗಳೆಂದು ಗೊತ್ತುಮಾಡುವ ವರೆಗೆ ಈ ತೊಡಕಿಗೆ ಶಾಸನರೂಪವಾದ ಮುಕ್ತಾಯವು ಬರಲಿಲ್ಲ.

ಭೂಕಂದಾಯದ ಹೊರಗೆ ಪೇಟೆಗೇ ನೇರವಾಗಿ ತಾಕುವ ತೆರಿಗೆಗಳೂ ಇದ್ದುವು. ವಿಜಯನಗರದ ಕಾಲದ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ ಎಂದು ಕಾಣುವ ತೆರಿಗೆಗಳೇ ಕುಂಪಣಿಯ ಲೆಕ್ಕದಲ್ಲಿ ಮೊಹತರ್ಫಾ ಎಂಬ ಹೆಸರನ್ನು ಹೊತ್ತು ನಿಂತುವು. ನೇಕಾರ, ಬಡಗಿ, ಕಮ್ಮಾರ, ಅಂಗಡಿಯವ ಎಲ್ಲರೂ ಇದಕ್ಕೆ ಒಳಪಟ್ಟವರು. ವರ್ತಕರ ಮೇಲೆ ವೀಸಬಡಿಯೆಂಬ ತೆರಿಗೆಯೂ ದತ್ತಮಂಡಲದಲ್ಲಿದ್ದಿತು. ಒಂದು ಪೇಟೆಯ ವರ್ತಕರು ಒಟ್ಟು ಮೊತ್ತವನ್ನು ಒಪ್ಪಿಕೊಂಡು, ಅವರವರ ವ್ಯವಹಾರಕ್ಕೆ ತಕ್ಕಂತೆ ತಮ್ಮೊಳಗೇ ಹಂಚಿಕೊಳ್ಳುವುದು ಇದರ ಲಕ್ಷಣ. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು. ಹಂಚಿಕೆಯ ಅರ್ಥವು ಪದದಲ್ಲಿಯೇ ಅಡಗಿದೆ. ಲಾಭವೆಷ್ಟೆಂದು ಅಧಿಕಾರಿಗೆ ತಿಳಿಯದ ಕಡೆಯಲ್ಲಿ ಅದನ್ನು ತಿಳಿದವರ ಕೈಗೇ ಹಂಚಿಕೆಯನ್ನು ಬಿಡುವುದು ಜಾಣತನವೇ ಸರಿ. ಆದರೆ ಪೇಟೆಯ ದೊಡ್ಡವರು ಭಾರವನ್ನು ಚಿಕ್ಕವರ ಮೇಲೆ ಜಾರಿಸುವುದಕ್ಕೂ ಇಲ್ಲಿ ಅವಕಾಶವಿದ್ದಿತು.

ಇದರ ಮೇಲೆ ಸಾಯರವೆಂಬ ದಾರಿಸುಂಕ. ಪಾಳೆಯಗಾರನ ಸುಂಕದ ಕಟ್ಟೆಯು ಹೋಯಿತು, ಸರ್ಕಾರದ ಚೌಕಿಯು ಬಂದಿತು. ಒಳನಾಡಿನಿಂದ ಕರಾವಳಿಗೆ ಸಾಗುವ ಹತ್ತಿಗೂ ಬಟ್ಟೆಗೂ ಈ ಸುಂಕವು ತಪ್ಪಲಿಲ್ಲ. 1805ರಲ್ಲಿ ಮದರಾಸು ಸರ್ಕಾರವು ಉಪ್ಪಿನ ತಯಾರಿಕೆಯನ್ನೂ ಮಾರಾಟವನ್ನೂ ತನ್ನ ಸ್ವಾಮ್ಯಕ್ಕೆ ತೆಗೆದುಕೊಂಡಿತು. ಕರಾವಳಿಯಿಂದ ಉಪ್ಪನ್ನು ಹೇರಿ ತಂದು ಧಾನ್ಯವನ್ನು ಹೇರಿ ಒಯ್ಯುವ ಲಂಬಾಣಿಗರ ಎತ್ತುಗಳ ಹಿಂಡೇ ಆಗಿನ ಸರಕು ಸಾಗಾಣಿಕೆ. ಉಪ್ಪಿನ ಬೆಲೆಯು ಏರಿದರೆ ಅವರ ಎರಡು ಕಡೆಯ ವ್ಯಾಪಾರವೂ ಅಲುಗುವುದು. ಬಳ್ಳಾರಿ ಸೀಮೆಯ ಉಪ್ಪಾರರು ಚೌಳುಮಣ್ಣಿನಿಂದ ತೆಗೆಯುತ್ತಿದ್ದ ಮಣ್ಣುಪ್ಪೇ ಬಡವರಿಗೆ ಬಹುಕಾಲ ಆಸರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸರ್ಕಾರವು ಅದನ್ನೂ ನಿಲ್ಲಿಸಿತು.

ಕುಂಪಣಿಯು ಅರಸೂ ಆಗಿದ್ದಿತು, ವರ್ತಕನೂ ಆಗಿದ್ದಿತು ಎಂಬುದು ಇನ್ನೊಂದು ತೊಡಕು. ಕಂದಾಯವಾಗಿ ಬಂದ ಹಣದಿಂದಲೇ ಬಟ್ಟೆಯನ್ನು ಕೊಂಡು ಹಡಗಿಗೇರಿಸುವ ವ್ಯಾಪಾರಿಯ ಎದುರಿನಲ್ಲಿ ಊರಿನ ಬಟ್ಟೆ ವ್ಯಾಪಾರಿಯು ನಿಲ್ಲುವುದು ಕಷ್ಟ. 1813ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿದ ಮನ್ರೋ, ಬಾರಾಮಹಲಿನಲ್ಲಿ ಕುಂಪಣಿಯ ನೌಕರರು ಮುಖ್ಯ ನೇಕಾರರನ್ನು ಒಂದೆಡೆ ಕೂಡಿಸಿ, ಕುಂಪಣಿಗೆ ಮಾತ್ರ ಬಟ್ಟೆ ಕೊಡುವುದಾಗಿ ಅವರು ಒಪ್ಪುವ ವರೆಗೆ ಪಹರೆಯಿಟ್ಟಿದ್ದರೆಂದು ತಿಳಿಸಿದನು. ಅದು ಬಾರಾಮಹಲಿನ ಸಂಗತಿ, ಬಳ್ಳಾರಿಯದಲ್ಲ. ಆದರೆ ಅರಸನೇ ಗಿರಾಕಿಯಾದಾಗ ಬೆಲೆಯು ಎತ್ತ ವಾಲುವುದೆಂಬುದಕ್ಕೆ ಒಳ್ಳೆಯ ನಿದರ್ಶನ. ಅದೇ ವರ್ಷದ ಸನ್ನದು ಭಾರತದ ವ್ಯಾಪಾರದಲ್ಲಿ ಕುಂಪಣಿಗಿದ್ದ ಏಕಸ್ವಾಮ್ಯವನ್ನು ತೆಗೆದುಹಾಕಿತು. ಅದರಿಂದ ಬಳ್ಳಾರಿ ಸೀಮೆಯ ನೇಕಾರನಿಗೆ ಆದ ಲಾಭ ಸ್ವಲ್ಪ. ಮುಂದೆ ಬಂದ ವಿಲಾಯಿತಿಯ ಯಂತ್ರದ ಬಟ್ಟೆಯೇ ಅವನಿಗೆ ಪ್ರತಿಸ್ಪರ್ಧಿಯಾಯಿತು.

ಹೊಸ ಆಡಳಿತದಿಂದ ಪೇಟೆಗೆ ಆದ ಅನುಕೂಲಗಳನ್ನೂ ಹೇಳದಿದ್ದರೆ ಲೆಕ್ಕವು ಪೂರ್ಣವಾಗದು. ಬಳ್ಳಾರಿಯು ಸೈನ್ಯದ ಠಾಣ್ಯವಾದುದರಿಂದ ಧಾನ್ಯ, ಹುಲ್ಲು, ಬಟ್ಟೆ, ತುಪ್ಪಗಳಿಗೆ ತಪ್ಪದ ಗಿರಾಕಿಯು ದೊರೆತನು. 1808ರಲ್ಲಿ ದತ್ತಮಂಡಲವು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಗಿ ಒಡೆದು ಬಳ್ಳಾರಿಯು ಜಿಲ್ಲೆಯ ಕಛೇರಿಯ ಊರಾಯಿತು. ಆ ನಗರದ ಕೌಲ್ ಬಜಾರ್ ಎಂಬ ಹೆಸರಿನಲ್ಲಿ ಆ ಕಾಲದ ನೀತಿಯ ಗುರುತು ಉಳಿದಿದೆ. ಹಾಳುಬಿದ್ದ ನೆಲಕ್ಕೆ ಒಕ್ಕಲನ್ನೂ ಹೊಸ ಪೇಟೆಗೆ ವರ್ತಕರನ್ನೂ ಕರೆತರಬೇಕಾದರೆ, ಇಷ್ಟು ವರ್ಷ ಇಷ್ಟೇ ತೆರಿಗೆಯೆಂದು ಸರ್ಕಾರವು ಬರೆದುಕೊಡುವ ಅಭಯಪತ್ರವೇ ಕೌಲು. ತೆರಿಗೆಯನ್ನು ಇಳಿಸಿದರೆ ಜನರೂ ವ್ಯಾಪಾರವೂ ಬರುವರೆಂಬ ತತ್ತ್ವವು ಹಿಂದಿನ ಅರಸರಿಗೆ ತಿಳಿದಿದ್ದಂತೆ ಕುಂಪಣಿಗೂ ತಿಳಿದಿದ್ದಿತು. ಒಂದು ಬಜಾರಿಗೆ ಒಪ್ಪಿದ ಈ ತತ್ತ್ವವನ್ನು ಇಡೀ ಮಂಡಲಕ್ಕೆ ಅನ್ವಯಿಸಬಹುದೇ ಎಂಬುದೇ 1807ರಲ್ಲಿ ಎದ್ದ ಪ್ರಶ್ನೆ.

5. 1807ರ ಸಲಹೆ

1807ನೆಯ ಆಗಸ್ಟ್ 15ರಂದು, ಕೆಲಸದಿಂದ ಬಿಡುಗಡೆ ಹೊಂದುವ ಕಾಲದಲ್ಲಿ, ಮನ್ರೋ ಸರ್ಕಾರಕ್ಕೆ ಒಂದು ವರದಿಯನ್ನು ಬರೆದನು. ಅಳತೆಯ ಮೇಲೆ ಗೊತ್ತಾದ ಕಂದಾಯವು ಒಟ್ಟು ಬೆಳೆಯಲ್ಲಿ ನೂರಕ್ಕೆ ಸುಮಾರು 45 ಪಾಲೆಂದು ಅವನ ಎಣಿಕೆ. ಇದನ್ನು ಮೂರನೆಯ ಒಂದು ಪಾಲಿಗೆ ತರದ ಹೊರತು ಭೂಮಿಯು ಒಕ್ಕಲಿಗನ ಸ್ವತ್ತಾಗದು, ಅದಕ್ಕೆ ಕೊಳ್ಳುವವರು ದೊರೆಯರು ಎಂಬುದು ಅವನ ವಾದ. ಆದಕಾರಣ ಎಲ್ಲಾ ಭೂಮಿಗಳ ಮೇಲೆ ನೂರಕ್ಕೆ 25ನ್ನೂ, ಬಾವಿ ಕೆರೆಗಳ ಕೆಳಗಿನ ಭೂಮಿಗಳ ಮೇಲೆ ಇನ್ನೂ 8ನ್ನು ಸೇರಿಸಿ 33ನ್ನೂ ಕಡಮೆಮಾಡಬೇಕೆಂದು ಅವನು ಸೂಚಿಸಿದನು.

ಈ ಅಂಕೆಗಳ ಅರ್ಥವನ್ನು ರಾರಾವಿಯಂತಹ ಎರೆಯೂರಿನ ಒಂದು ಬೆದ್ದಲು ಹೊಲಕ್ಕೆ ಅನ್ವಯಿಸಿ ನೋಡಬಹುದು. ಹೊಲವು 100 ಕೊಳಗ ಜೋಳವನ್ನು ಕೊಟ್ಟಿತೆಂದು ಭಾವಿಸಿದರೆ, ಹಳೆಯ ಪ್ರಮಾಣದಂತೆ 45 ಕೊಳಗದ ಬೆಲೆಯು ಸರ್ಕಾರಕ್ಕೆ. ಉಳಿದ 55ರಲ್ಲಿ ಬೀಜ, ಎತ್ತಿನ ಮೇವು, ಆಳಿನ ಕೂಲಿ, ಆಯಗಾರರ ಪಾಲು, ಸಾಲದ ಬಡ್ಡಿ, ಮನೆಯವರ ಊಟ. ನಾಲ್ಕನೆಯ ಒಂದು ಪಾಲು ಇಳಿದರೆ ಸರ್ಕಾರಕ್ಕೆ ಸಲ್ಲುವುದು 34 ಕೊಳಗಕ್ಕೆ ಸ್ವಲ್ಪ ಕಡಮೆ. ಉಳಿಯುವ 11 ಕೊಳಗವು ನೋಟಕ್ಕೆ ಅಲ್ಪ. ಆದರೆ ಊಟಕ್ಕೂ ಬೀಜಕ್ಕೂ ಬೇಕಾದುದು ಆಗಲೇ ಕಳೆದಿರುವುದರಿಂದ, ಈ 11 ಕೊಳಗವೇ ಒಕ್ಕಲಿಗನು ತನ್ನ ಇಚ್ಛೆಯಿಂದ ಪೇಟೆಗೆ ಒಯ್ಯಬಹುದಾದ ಧಾನ್ಯ. ಅದೇ ಹೊಸ ಎತ್ತಿನ ಬೆಲೆ, ನೇಕಾರನಿಗೆ ಸಲ್ಲುವ ಸೀರೆಯ ಹಣ, ಬರಗಾಲಕ್ಕೆ ಹಗೇವಿನಲ್ಲಿಡುವ ಕಾಳು. ಎರೆಭೂಮಿಯು ಕೆಲವು ವರ್ಷ ಬೀಳುಬಿದ್ದರೆ ಆಳವಾಗಿ ಬೇರುಬಿಡುವ ಹುಲ್ಲು ಹೊಲವನ್ನೆಲ್ಲಾ ಹಿಡಿಯುವುದು; ಅದನ್ನು ಕೀಳಲು ಹಲವು ಜೋಡಿ ಎತ್ತು ಹೂಡಿದ ಹೆಗ್ಗುಂಟೆ ನೇಗಿಲುಗಳು ಬೇಕು. ಬಂಡವಾಳವಿಲ್ಲದ ಒಕ್ಕಲಿಗನು ಬಿಟ್ಟ ಹೊಲವು ಹೀಗೆ ಬಹುಕಾಲ ಬಿಟ್ಟ ಹೊಲವಾಗಿಯೇ ಉಳಿಯುವುದು. ಆಗ ಸರ್ಕಾರದ 34 ಕೊಳಗವೂ ಇಲ್ಲ, 45 ಕೊಳಗವೂ ಇಲ್ಲ.

ವರದಿಯ ಇತರ ಅಂಶಗಳೂ ವ್ಯಾಪಾರದೃಷ್ಟಿಯಿಂದ ಗಮನಾರ್ಹವಾಗಿವೆ. ವರ್ಷದ ಕೊನೆಯಲ್ಲಿ ಹೊಲವನ್ನು ಬಿಡುವುದಕ್ಕೂ ಹೊಸದನ್ನು ಹಿಡಿಯುವುದಕ್ಕೂ ಕುಳಕ್ಕೆ ಸ್ವಾತಂತ್ರ್ಯವಿರಬೇಕು. ಕಂದಾಯವನ್ನು ಕೊಡುತ್ತಿರುವ ವರೆಗೆ ಭೂಮಿಯನ್ನು ಮಾರುವುದಕ್ಕೂ ಗೇಣಿಗೆ ಕೊಡುವುದಕ್ಕೂ ಅವನಿಗೆ ಅಧಿಕಾರವಿರಬೇಕು. ಸಾಧಾರಣವಾದ ಬೆಳೆಯ ಕೊರತೆಗೆ ಮಾಫಿ ಕೇಳಕೂಡದು. ತಕ್ಕಾವಿಯು ಕ್ರಮೇಣ ನಿಲ್ಲಬೇಕು. ಖಾಸಗಿ ಸಾಲಗಾರನು ಕುಳದ ಸ್ವತ್ತನ್ನು ಜಪ್ತಿ ಮಾಡಿಸಿದರೆ ಆ ಕುಳದ ಕಂದಾಯದ ಬಾಕಿಯನ್ನು ಅವನೇ ತೀರಿಸಬೇಕು. ದಶಬಂಧದ ಇನಾಮು ಮೊದಲಾದ ಏರ್ಪಾಡುಗಳಿಂದ ಖಾಸಗಿಯವರಿಗೆ ಸೇರದ ಕೆರೆಗಳ ದುರಸ್ತಿಯು ಸರ್ಕಾರದ ವೆಚ್ಚದಿಂದ ಆಗಬೇಕು. ಕನ್ನಡ ಶಾಸನಗಳ ದಶವಂದವೇ ಈ ದಶಬಂಧ. ಕೆರೆಯನ್ನು ಕಟ್ಟಿಸಿದವನಿಗೆ ಅದರ ಕೆಳಗಣ ಭೂಮಿಯಲ್ಲಿ ಮಾನ್ಯವನ್ನು ಬಿಡುವ ಹಳೆಯ ಸಂಪ್ರದಾಯವು ಹೊಸ ಸರ್ಕಾರದ ಲೆಕ್ಕದಲ್ಲಿಯೂ ನಡೆದುಬಂದಿತು. ಒಟ್ಟಿನಲ್ಲಿ ಈ ವರದಿಯು ಒಕ್ಕಲಿಗನನ್ನು ಸರ್ಕಾರದ ಆಶ್ರಿತನ ಸ್ಥಾನದಿಂದ ಎತ್ತಿ ತನ್ನ ಲಾಭನಷ್ಟಗಳಿಗೆ ತಾನೇ ಹೊಣೆಯಾದ ಒಡೆಯನನ್ನಾಗಿ ಮಾಡಲು ಉದ್ದೇಶಿಸಿತು. ಆದರೆ ಈ ಎಲ್ಲಾ ಅಂಶಗಳಿಗೂ ಬುಡವಾಗಿದ್ದುದು ನೂರಕ್ಕೆ 25ರ ಇಳಿಕೆ. ಅದಿಲ್ಲದೆ ಸ್ವಾತಂತ್ರ್ಯವೆಂಬುದು ಹೊಲವನ್ನು ಬಿಟ್ಟು ಓಡುವ ಸ್ವಾತಂತ್ರ್ಯವಾದೀತು.

6. ನಿರಾಕರಣೆಯೂ ಗುತ್ತಿಗೆಯೂ

ಮದರಾಸು ಸರ್ಕಾರವು ಈ ಸಲಹೆಯನ್ನು ಒಪ್ಪಲಿಲ್ಲ. ರೈತವಾರಿಯಲ್ಲಿ ಒಲವಿದ್ದ ಗವರ್ನರ್ ಬೆಂಟಿಂಕನು 1806ರ ವೆಲ್ಲೂರಿನ ದಂಗೆಯ ತರುವಾಯ, 1807ರಲ್ಲಿ, ಹಿಂದಕ್ಕೆ ಕರೆಸಲ್ಪಟ್ಟಿದ್ದನು. ಅವನ ತರುವಾಯದವರ ಪಕ್ಷದಲ್ಲಿಯೂ ವಾದವಿಲ್ಲದೆ ಇರಲಿಲ್ಲ. ಸಾವಿರಾರು ಕುಳಗಳೊಡನೆ ವರ್ಷವರ್ಷವೂ ಲೆಕ್ಕ ನೋಡುವುದಕ್ಕೆ ಬೇಕಾದ ನೌಕರರು ಎಲ್ಲಿ? ಅವರು ಲಂಚಕ್ಕೆ ಕೈಯೊಡ್ಡರೆಂಬ ಭರವಸೆ ಏನು? ಬಂಗಾಳದಲ್ಲಿ 1793ರಲ್ಲಿ ಆದ ಶಾಶ್ವತ ಬಂದೋಬಸ್ತಿನಂತೆ, ಬಂಡವಾಳವುಳ್ಳ ಒಬ್ಬ ಮಧ್ಯಸ್ಥನಿಗೆ ಹೊಣೆಯನ್ನು ವಹಿಸಿದರೆ ಸರ್ಕಾರಕ್ಕೆ ಆದಾಯವು ನಿಶ್ಚಿತ. ಅವನು ತನ್ನ ಲಾಭಕ್ಕಾಗಿಯೇ ಕೆರೆ ಬಾವಿಗಳನ್ನು ನೋಡಿಕೊಳ್ಳುವನು. ಯುದ್ಧದ ಸಾಲದಲ್ಲಿದ್ದ ಸರ್ಕಾರಕ್ಕೆ ಈ ವಾದವು ಹಿತವಾಗಿ ಕೇಳಿಸಿದುದು ಸಹಜವೇ. ನಾಲ್ಕನೆಯ ಒಂದು ಪಾಲನ್ನು ಇಂದೇ ಬಿಟ್ಟು ಮುಂದೆ ಎಂದಾದರೂ ಅದನ್ನು ಪಡೆಯುವ ಮಾತು ಅಷ್ಟು ಹಿತವಾಗಿ ಕೇಳಿಸಲಿಲ್ಲ.

ಹೀಗಾಗಿ ಬಳ್ಳಾರಿ ಕಡಪ ಜಿಲ್ಲೆಗಳ ಗ್ರಾಮಗಳನ್ನು ಮೊದಲು ಮೂರು ವರ್ಷದ ಗುತ್ತಿಗೆಗೂ, ಅದು ಮುಗಿದ ಮೇಲೆ ಹತ್ತು ವರ್ಷದ ಗುತ್ತಿಗೆಗೂ ಕೊಟ್ಟರು. ರೈತವಾರಿಗೆ ಹಿಂದಿರುಗಬೇಕೆಂದು ನಿರ್ದೇಶಕರು ಕಳುಹಿಸಿದ ಆಜ್ಞೆಯು ಬರುವ ವೇಳೆಗೆ ಹತ್ತು ವರ್ಷದ ಗುತ್ತಿಗೆಗಳಿಗೆ ಒಪ್ಪಿಗೆಯಾಗಿಹೋಗಿತ್ತು. ಗುತ್ತಿಗೆಯನ್ನು ಹಿಡಿದವರಲ್ಲಿ ಗೌಡರೂ ರೆಡ್ಡಿಗಳೂ ಬಹುಮಂದಿ. ತಮ್ಮ ಊರು ಅನ್ಯನ ಕೈಗೆ ಹೋಗಬಾರದೆಂಬ ಅಭಿಮಾನದಿಂದ ಅವರು ಮೇಲಾಟದಲ್ಲಿ ಶಕ್ತಿಮೀರಿ ಒಪ್ಪಿಕೊಂಡುದೂ ಉಂಟು. ಮೊತ್ತಕ್ಕೆ ಆಧಾರವೋ, ಭಾರವೆಂದು ಮಾಡಿದವನೇ ಹೇಳಿದ ಹಳೆಯ ಪ್ರಮಾಣ. ಒಳ್ಳೆಯ ಬೆಳೆಯ ವರ್ಷದಲ್ಲಿ ಹೇಗೋ ನಡೆಯಿತು. ಮಳೆ ತಪ್ಪಿದ ವರ್ಷದಲ್ಲಿ ಕುಳವು ಗೌಡನಿಗೆ ಕೊಡಲಿಲ್ಲ, ಗೌಡನು ಸರ್ಕಾರಕ್ಕೆ ಕೊಡಬೇಕಾಯಿತು. ಬಾಕಿಗಾಗಿ ಆಸ್ತಿಗಳು ಹೋದುವು, ಹಲವರು ಸೆರೆಮನೆಯನ್ನೂ ಕಂಡರು. ತಲೆತಲಾಂತರದಿಂದ ಊರಿಗೆ ಮುಖ್ಯರಾಗಿ, ಬರದಲ್ಲಿ ಕಾಳನ್ನೂ ಬಿತ್ತನೆಯಲ್ಲಿ ಬೀಜವನ್ನೂ ಕೊಡುತ್ತಿದ್ದ ಮನೆತನಗಳು ಹೀಗೆ ಬಡತನಕ್ಕೆ ಇಳಿದುವು.

ಇದರ ಫಲವು ಕಂದಾಯದ ಲೆಕ್ಕಕ್ಕೆ ಮಾತ್ರ ಸೇರಿದುದಲ್ಲ. ಊರೊಳಗಿನ ಸಾಲಕ್ಕೆ ಬುಡವಾಗಿದ್ದುದು ಗೌಡನ ಹಗೇವು. ಅದು ಬರಿದಾದ ಮೇಲೆ ಒಕ್ಕಲಿಗನು ಪೇಟೆಯ ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. ಊರವನಿಗೆ ಇದ್ದ ದಾಕ್ಷಿಣ್ಯವು ಪೇಟೆಯವನಿಗೆ ಇರಬೇಕಾದ ಕಾರಣವಿಲ್ಲ. ಬಂಡವಾಳವನ್ನು ತರುವನೆಂದು ಸರ್ಕಾರವು ನಂಬಿದ ಮಧ್ಯಸ್ಥನೇ ಇದ್ದ ಬಂಡವಾಳವನ್ನು ಕಳೆದುಕೊಂಡನು.

7. 1820ರ ಇಳಿಕೆಯೂ ಉಳಿದ ತೊಡಕುಗಳೂ

1820ರ ಜೂನಿನಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಬಂದನು. ಗುತ್ತಿಗೆಯ ಅವಧಿಯು ಮುಗಿಯುತ್ತಿದ್ದಿತು. ಬಳ್ಳಾರಿ ಸೀಮೆಯಲ್ಲಿ ರೈತವಾರಿಯು ಪುನಃ ಸ್ಥಾಪಿತವಾಗಿ, ಹದಿಮೂರು ವರ್ಷಗಳ ಹಿಂದೆ ಕೇಳಿದ್ದ ನೂರಕ್ಕೆ 25ರ ಇಳಿಕೆಯೂ ಜಾರಿಗೆ ಬಂದಿತು. ಆದರೆ 1807ರಲ್ಲಿ ಆ ಇಳಿಕೆಯು ಬೆಳೆಯುತ್ತಿರುವ ಸಾಗುವಳಿಗೆ ದೊರೆಯುತ್ತಿತ್ತು. 1820ರಲ್ಲಿ ಅದು ಸೋತ ಸಾಗುವಳಿಗೆ ದೊರೆಯಿತು. ಮೊದಲು ಬಂಡವಾಳವಾಗಬಹುದಾಗಿದ್ದುದು ಈಗ ಹಳೆಯ ಸಾಲದ ತೀರುವಳಿಗೆ ಸಂದಿತು. ತಡವಾಗಿ ಕೊಟ್ಟ ರಿಯಾಯಿತಿಯ ಮೊತ್ತವು ಒಂದೇ ಆದರೂ ಬೆಲೆಯು ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯಲಾರದು.

ನಗದಿನಲ್ಲಿ ಗೊತ್ತಾದ ಕಂದಾಯಕ್ಕೆ ಇನ್ನೊಂದು ಅಪಾಯವು ಹಿಂದೆಯೇ ಕಾದಿದ್ದಿತು. 1830ರ ತರುವಾಯ ಮದರಾಸು ಪ್ರಾಂತದಲ್ಲಿ ಧಾನ್ಯದ ಬೆಲೆಗಳು ಇಳಿದು ಬಹುಕಾಲ ಹಾಗೆಯೇ ನಿಂತುವು. ಬೆಲೆಯು ಇಳಿದರೆ ಅದೇ ರೂಪಾಯಿಗೆ ಹೆಚ್ಚು ಕೊಳಗ ಜೋಳವನ್ನು ಮಾರಬೇಕು. ಕಾಗದದ ಮೇಲೆ ಮೂರನೆಯ ಒಂದು ಪಾಲಾಗಿದ್ದುದು ಕಣದಲ್ಲಿ ಮತ್ತೆ ಏರಿತು. ಸುಂಕದ ಚೌಕಿಗಳು 1844ರಲ್ಲಿ ಮದರಾಸು ಪ್ರಾಂತದ ದಾರಿಸುಂಕವು ರದ್ದಾಗುವ ವರೆಗೆ ನಿಂತೇ ಇದ್ದುವು. ಮೊಹತರ್ಫಾ 1861ರ ವರೆಗೆ ಉಳಿಯಿತು. ಬಳ್ಳಾರಿ ಸೀಮೆಯ ಹತ್ತಿಯು ಮದರಾಸಿನ ಪೇಟೆಯಲ್ಲಿ 'ವೆಸ್ಟರ್ನ್ಸ್' ಎಂಬ ಹೆಸರಿನಿಂದ ಪ್ರಸಿದ್ಧವಾದರೂ, ಬಳ್ಳಾರಿಗೆ ರೈಲು ಬಂದುದು 1871ರಲ್ಲಿ. ಅದಕ್ಕೆ ಮೊದಲು ಎತ್ತಿನ ಬೆನ್ನೂ ಕೆಸರಿನ ದಾರಿಯೂ ಹತ್ತಿಯ ಬೆಲೆಯಲ್ಲಿ ದೊಡ್ಡ ಪಾಲನ್ನು ತಿನ್ನುತ್ತಿದ್ದುವು. ರೈಲು ಬಂದ ಐದೇ ವರ್ಷಗಳಲ್ಲಿ, 1876ರಿಂದ 1878ರ ವರೆಗೆ, ಬಂದ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ತನ್ನ ಜನಸಂಖ್ಯೆಯಲ್ಲಿ ಐದನೆಯ ಒಂದು ಪಾಲಿನಷ್ಟನ್ನು ಕಳೆದುಕೊಂಡಿತು. ಹಗೇವಿನಲ್ಲಿ ಕಾಳಿಲ್ಲದ ಊರಿಗೆ ರೈಲು ತಂದ ಧಾನ್ಯವನ್ನು ಕೊಳ್ಳುವ ಹಣವೂ ಇರಲಿಲ್ಲ.

8. ಉಪಸಂಹಾರ

ಮನ್ರೋ 1827ನೆಯ ಜುಲೈ 6ರಂದು, ದತ್ತಮಂಡಲದ ಪ್ರವಾಸದಲ್ಲಿಯೇ, ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಮೃತನಾದನು. ಈ ಸೀಮೆಯ ಜನರು ತಮ್ಮ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟರು. ತುಂಗಭದ್ರೆಯ ತೀರದ ಮಂತ್ರಾಲಯದಲ್ಲಿ ರಾಘವೇಂದ್ರಸ್ವಾಮಿಗಳು ಅವನಿಗೆ ದರ್ಶನವಿತ್ತರೆಂಬ ಐತಿಹ್ಯವೂ ಪ್ರಸಿದ್ಧವಾಗಿದೆ. ಮಠದ ಮಾನ್ಯವನ್ನು ಉಳಿಸಿದ ಅಧಿಕಾರಿಯೆಂದು ಆ ಕಥೆಯಲ್ಲಿ ಅವನ ಸ್ಥಾನ. ಜನರ ನೆನಪು ಹೀಗೆ ರಿಯಾಯಿತಿಯನ್ನು ಕೊಟ್ಟವನನ್ನು ಉಳಿಸಿಕೊಂಡಿತು. ಮೊದಲು ಆ ಪ್ರಮಾಣವನ್ನು ಹಾಕಿದವನೂ ಅವನೇ ಎಂಬುದು ಲೆಕ್ಕಪತ್ರಗಳಲ್ಲಿ ಉಳಿಯಿತು. ಎರಡೂ ನಿಜವೇ. ತನ್ನ ಕೈಯಿಂದಲೇ ಏರಿದ ಭಾರವನ್ನು ಅಂಕೆಗಳಿಂದ ಅಳೆದು, ಇದು ಹೆಚ್ಚಾಯಿತು, ಇಳಿಸಿರಿ ಎಂದು ಮೇಲಿನವರಿಗೆ ಬರೆದುದರಲ್ಲಿ ಅವನ ಹಿರಿಮೆಯಿದೆ.

ಹೊಸ ಸರ್ಕಾರಗಳಿಗೆ ಒದಗುವ ತೊಡಕುಗಳಲ್ಲಿ ಬಹುಪಾಲು ಹಿಂದಿನವರು ಬಿಟ್ಟುಹೋದುವು: ಬರಿದಾದ ಊರು, ಒಡೆದ ಕೆರೆ, ಕೆಟ್ಟ ನಾಣ್ಯ, ದಾರಿದಾರಿಗೂ ಸುಂಕ. ಇವುಗಳನ್ನು ಸರಿಪಡಿಸಲು ಕಾಲವು ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ದತ್ತಮಂಡಲದಲ್ಲಿ ಪಾಳೆಯಗಾರರನ್ನು ಅಡಗಿಸಲು ಕೆಲವು ವರ್ಷಗಳೂ, ಭೂಮಿಯನ್ನೆಲ್ಲಾ ಅಳೆಯಲು ಕೆಲವು ವರ್ಷಗಳೂ ಸಾಕಾದುವು. ಹೊಲದ ಬೆಳೆಯಲ್ಲಿ 11 ಕೊಳಗವನ್ನು ಬೆಳೆದವನಿಗೇ ಬಿಡಬೇಕೆಂದು ನಿಶ್ಚಯಿಸಲು ಮಾತ್ರ ಹದಿಮೂರು ವರ್ಷ ಹಿಡಿಯಿತು. ಆ ಹದಿಮೂರು ವರ್ಷಗಳಲ್ಲಿ ಸಿರುಗುಪ್ಪ ಆದವಾನಿಗಳ ನಡುವಣ ದಾರಿಯಲ್ಲಿ ಜೋಳದ ಬಂಡಿಗಳು ಪೇಟೆಗೆ ಹೋಗುತ್ತಲೇ ಇದ್ದುವು. ಹಿಂದಿರುಗುವಾಗ ಅವುಗಳಲ್ಲಿ ಸರಕು ಇರಲಿಲ್ಲ. ವ್ಯಾಪಾರದ ಸ್ಥಿತಿಯನ್ನು ತಿಳಿಯಬಯಸುವವರು ಪೇಟೆಗೆ ಬಂದ ಹೇರನ್ನು ಎಣಿಸುವುದರ ಜೊತೆಗೆ ಪೇಟೆಯಿಂದ ಹಳ್ಳಿಗೆ ಹೋದ ಹೇರನ್ನೂ ಎಣಿಸಬೇಕು.